ಹಳೇ ಸಿಡಿ ಕೇಳಿ ತಗೊಳ್ಳುವ ಸ್ಕ್ಯಾನಿಂಗ್ ಸೆಂಟರ್

ತಲೆಯ ಗಡ್ಡೆ ಆಪರೇಷನ್ ಆದವರಿಗೆ ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಬೇಕಿದ್ದರೆ ನಾನು ಧೈರ್ಯವಾಗಿ ಹೇಳುವ ಜಾಗ ಇದು. ಕೌಂಟರಿನಲ್ಲೇ ಮೊದಲ ಪ್ರಶ್ನೆ, "ಹಳೇ ಸ್ಕ್ಯಾನಿನ ಸಿಡಿ ಉಂಟಾ?" ಬರೀ ರಿಪೋರ್ಟ್ ತೋರಿಸಿದರೆ ಬಿಡುವುದಿಲ್ಲ. ಆಪರೇಷನ್ ಯಾವಾಗ ಆಯಿತು, ರೇಡಿಯೇಷನ್ ಯಾವಾಗ ಮುಗಿಯಿತು, ಎರಡೂ ತಾರೀಕು ಬರೆಸಿಕೊಳ್ಳುತ್ತಾರೆ.

ಅಣ್ಣನದು ಗ್ಲಿಯೋಬ್ಲಾಸ್ಟೋಮಾ, ಮೆದುಳಿನ ಒಂದು ಬಗೆಯ ಕ್ಯಾನ್ಸರ್ ಗಡ್ಡೆ. ಆಪರೇಷನ್, ಆಮೇಲೆ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ. ರೇಡಿಯೇಷನ್ ಮುಗಿದ ಮೇಲಿನ ಮೊದಲ ಸ್ಕ್ಯಾನ್ ಬೇರೆ ಕಡೆ ಮಾಡಿಸಿದ್ದೆವು. ಹಳೇದನ್ನು ನೋಡದೆಯೇ "ಗಡ್ಡೆ ಬೆಳೆದಿದೆ" ಅಂತ ಬರೆದುಕೊಟ್ಟರು. ಅತ್ತಿಗೆ ಊಟ ಬಿಟ್ಟರು.

ಇಲ್ಲಿಯ ರೇಡಿಯಾಲಜಿ ಡಾಕ್ಟರು ಎಲ್ಲ ಸಿಡಿ ಹಾಕಿ ನಮ್ಮನ್ನೂ ಸ್ಕ್ರೀನ್ ಎದುರು ಕೂರಿಸಿದರು. ಮೊದಲು ತೆರೆದದ್ದು ಆಪರೇಷನ್ ಆದ ಮರುದಿನದ ಸ್ಕ್ಯಾನ್. ಅದನ್ನು 72 ಗಂಟೆಯೊಳಗೆ ತೆಗೆಯುವುದು ಸುಮ್ನೆ ಅಲ್ಲ. ತಡವಾದರೆ ಮಾಯುತ್ತಿರುವ ಗಾಯದ ಅಂಚೂ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್ ಔಷಧಿ) ಹೀರಿ ಬೆಳ್ಳಗಾಗುತ್ತದೆ, ಉಳಿದ ಗಡ್ಡೆ ಯಾವುದು ಅಂತ ಹೇಳುವುದು ಕಷ್ಟ. ರಕ್ತವೂ ಬೆಳ್ಳಗೇ ಕಾಣಬಹುದು. ಆ ಕಾಂಟ್ರಾಸ್ಟ್, ಅಂದರೆ ಗ್ಯಾಡೊಲಿನಿಯಮ್ ಇಂಜೆಕ್ಷನ್‌ಗೆ ಮುಂಚಿನ ಚಿತ್ರ, ಆಮೇಲಿನ ಚಿತ್ರ ಅಕ್ಕಪಕ್ಕ ಇಟ್ಟು ಒಂದು ಚುಕ್ಕೆಗೆ ಬೆರಳಿಟ್ಟರು. "ನೋಡಿ ಅಮ್ಮಾ, ಇದು ಇಂಜೆಕ್ಷನ್ ಕೊಡುವ ಮೊದಲೇ ಬೆಳ್ಳಗಿತ್ತು. ಇದು ರಕ್ತ." ಅತ್ತಿಗೆಗೂ ಕಂಡಿತು, ನನಗೂ ಕಂಡಿತು.

ಇಲ್ಲಿ ತೆಗೆದ ಹೊಸ ಸ್ಕ್ಯಾನಿನಲ್ಲಿ ಬಿಳಿ ಅಂಚು ದಪ್ಪವಾಗಿದ್ದದ್ದು ನಿಜ. ಆದರೆ ರೇಡಿಯೇಷನ್ ಮುಗಿದು ಮೂರು ತಿಂಗಳೊಳಗೆ ಹೀಗೆ ಕಂಡರೆ ಅದು ಚಿಕಿತ್ಸೆಯ ಪರಿಣಾಮವೂ ಇರಬಹುದಂತೆ, ಅದಕ್ಕೆ ಸ್ಯೂಡೊಪ್ರೊಗ್ರೆಷನ್ ಅನ್ನುತ್ತಾರೆ, ಗಡ್ಡೆ ಬೆಳೆಯದಿದ್ದರೂ ಬೆಳೆದ ಹಾಗೆ ಕಾಣುವುದು. ರಕ್ತದ ಓಡಾಟ ತೋರಿಸುವ ಪರ್ಫ್ಯೂಷನ್ ಚಿತ್ರ ನೋಡಿದಾಗ, ಬೆಳೆಯುವ ಗಡ್ಡೆಯಲ್ಲಿ ಸಾಮಾನ್ಯವಾಗಿ ಇರುವಷ್ಟು ಓಡಾಟ ಅಲ್ಲಿ ಇರಲಿಲ್ಲ. ಹಾಗಂತ "ಏನೂ ಇಲ್ಲ, ಹೋಗಿ" ಅನ್ನಲಿಲ್ಲ. ನನಗೆ ಹೆಚ್ಚು ನಂಬಿಕೆ ಬಂದದ್ದು ಅದರಿಂದಲೇ. ನಮ್ಮೆದುರೇ ಸರ್ಜನ್‌ಗೆ ಫೋನ್ ಮಾಡಿದರು. ಕೆಲವು ವಾರ ಬಿಟ್ಟು ಇದೇ ಮಷಿನಿನಲ್ಲಿ ಮತ್ತೆ ತೆಗೆಯುವ ಅಂದರು. ಆ ಸ್ಕ್ಯಾನಿನಲ್ಲಿ ಅಂಚು ತೆಳುವಾಗಿತ್ತು. ಮಾತ್ರೆ ಮುಂದುವರಿದಿದೆ.

ಒಂದು ನಕ್ಷತ್ರ ಕಡಿಮೆ ಕೊಟ್ಟದ್ದಕ್ಕೆ ಕಾರಣ ಉಂಟು. ಕಾಂಟ್ರಾಸ್ಟ್ ಕೊಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ರಿಪೋರ್ಟ್ ಬೇಕು ಅಂತ ಅಪಾಯಿಂಟ್‌ಮೆಂಟ್ ಕೊಡುವಾಗ ಫೋನಿನಲ್ಲಿ ಹೇಳುವುದಿಲ್ಲ. ಬೈಂದೂರು, ಕುಂದಾಪುರ ಕಡೆಯಿಂದ ಬಂದವರು ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇಲ್ಲಿಗೆ ಬಂದ ಮೇಲೆ ರಕ್ತ ಕೊಟ್ಟು ಕಾಯಬೇಕು. ರೋಗಿಗೆ ಕೂರುವುದೇ ಕಷ್ಟ. ದಯವಿಟ್ಟು ಇದೊಂದನ್ನು ಸರಿಮಾಡಿ. ಹೋಗುವವರು ಊರಲ್ಲೇ ಪರೀಕ್ಷೆ ಮಾಡಿಸಿಕೊಂಡು ಬನ್ನಿ.