ಒಂದೇ ಪೈಪಿಗೆ ವಾಲ್ವ್ ಹಾಕಿ ಸದ್ದಡಗಿಸಬೇಡಿ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡು, ಅದರ ನೀರು ಇಳಿಯುವ ಪೈಪಿನ ಸದ್ದಿಗೆ ರಾತ್ರಿ ನಿದ್ದೆಗೆಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಇಳಿಯುವ ಪೈಪು ಒಂದೇ ಇರುವಾಗ ಅದಕ್ಕೆ ವಾಲ್ವ್ ಕೂಡಿಸಿ, ಅರ್ಧ ಮುಚ್ಚಿ ಸದ್ದು ನಿಲ್ಲಿಸುವ ಉಪಾಯವನ್ನು ಯಾರೇ ಹೇಳಿದರೂ ಒಪ್ಪಬೇಡಿ. ನಾನು ಒಪ್ಪಿದ್ದರಿಂದ ನಮ್ಮ ಮನೆಯ ನೆಲದ ಜೊತೆಗೆ ಕೆಳಮನೆಯವರ ದೇವರ ಕೋಣೆಯ ಚಾವಣಿಯೂ ನೆನೆಯಿತು.

ನಾವಿರುವುದು ಬಸವೇಶ್ವರನಗರದಲ್ಲಿ, ಎರಡನೆಯ ಮಹಡಿಯಲ್ಲಿ. ಹಜಾರದಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಿದೆ. ಅದರ ಕೆಳಗಿನ ಪ್ಲೈವುಡ್ ಕಪಾಟಿನೊಳಗೆ ಸಂಪ್ ಇದೆ. ನಮ್ಮೂರಿನಲ್ಲಿ ಸಂಪ್ ಎಂದರೆ ಕಾವೇರಿ ನೀರು ತುಂಬಿಸಿಕೊಳ್ಳುವ ನೆಲದಡಿಯ ತೊಟ್ಟಿ ಎಂದೇ ತಿಳಿಯುವುದರಿಂದ ಹೇಳುತ್ತಿದ್ದೇನೆ, ಇದು ನೀರನ್ನು ಸೋಸುವ ಚಿಕ್ಕ ಗಾಜಿನ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ತಾನಾಗಿ ಇಳಿದು ಇಲ್ಲಿಗೆ ಬರುತ್ತದೆ. ಸಂಪಿನ ಕೊನೆಯ ಅಂಕಣದಲ್ಲಿರುವ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ.

ಇಳಿಯುವ ನೀರು ತನ್ನೊಡನೆ ಗಾಳಿಯನ್ನೂ ಎಳೆದುಕೊಂಡು ಹೋಗುವುದರಿಂದ ಗೊಳಗೊಳ ಸದ್ದು ಬರುತ್ತದೆ. ನಮ್ಮಲ್ಲಿ ನೀರು ಸರಾಗವಾಗಿ ಇಳಿಯುತ್ತಲೂ ಇರಲಿಲ್ಲ. ಮೇಲಿನ ಮಟ್ಟ ನಿಧಾನವಾಗಿ ಏರಿ, ಒಮ್ಮೆಲೇ ಭರ್ರೆಂದು ಇಳಿದು, ಮತ್ತೆ ಏರುತ್ತಿತ್ತು. ಹಜಾರದಲ್ಲೇ ಮಲಗುವ ನನ್ನ ತಾಯಿಗೆ ಇದರಿಂದ ನಿದ್ದೆಯೇ ಇಲ್ಲವಾಯಿತು. ತೊಟ್ಟಿ ಕೂಡಿಸಿಕೊಟ್ಟ ಅಂಗಡಿಯವರನ್ನು ಕರೆಸಿದಾಗ ಬಂದ ಹುಡುಗ, "ಒಂದು ವಾಲ್ವ್ ಹಾಕ್ಬಿಟ್ರೆ ಆಯ್ತು ಸಾರ್, ಸದ್ದೇ ಇರಲ್ಲ" ಎಂದು ಬಾಲ್ ವಾಲ್ವ್ ಕೂಡಿಸಿ ಅರ್ಧಕ್ಕಿಂತ ಹೆಚ್ಚು ತಿರುಗಿಸಿದ. ಸದ್ದು ನಿಜವಾಗಿಯೂ ನಿಂತಿತು, ಏಕೆಂದರೆ ಪೈಪು ನೀರಿನಿಂದಲೇ ತುಂಬಿಕೊಂಡರೆ ಅಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಆದರೆ ಏನಾದರೂ ಸಿಕ್ಕಿಕೊಂಡರೆ ನೀರಿಗೆ ಬೇರೆ ದಾರಿಯೂ ಉಳಿದಿರಲಿಲ್ಲ.

ಮೂರನೆಯ ವಾರದ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ, ಕೆಳಮನೆಯ ಅಜ್ಜಿ ಬಾಗಿಲು ತಟ್ಟಿ, "ನಮ್ಮ ದೇವರ ಮನೇಲಿ ನೀರು ತೊಟ್ಟಿಕ್ತಿದೆಯಪ್ಪಾ, ಸ್ವಲ್ಪ ನೋಡು" ಎಂದರು. ಎದ್ದು ಸ್ವಿಚ್ ಒತ್ತಿದರೆ ದೀಪ ಬರಲಿಲ್ಲ. ಕಾಲಿಟ್ಟಲ್ಲೆಲ್ಲ ನೀರಿತ್ತು. ಮರುದಿನ ವಾಲ್ವ್ ಬಿಚ್ಚಿದಾಗ, ಕಿರಿದಾಗಿದ್ದ ಕಂಡಿಯಲ್ಲಿ ವ್ಯಾಲಿಸ್ನೇರಿಯಾ ಗಿಡದ ಒಂದು ಎಲೆ, ಬೆರಳುದ್ದದ ಹಸಿರು ರಿಬ್ಬನ್ನಿನಂತಹದ್ದು, ಮಡಚಿಕೊಂಡು ಕೂತಿತ್ತು. ಅದರ ಸುತ್ತ ಲೋಳೆ ಕಟ್ಟಿತ್ತು.

ಲೆಕ್ಕ ಹಾಕಿದರೆ ಭಯವಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಸುಮಾರು 14 ಲೀಟರ್, ಅಂಚಿನವರೆಗೆ ಇದ್ದ ಖಾಲಿ ಜಾಗ ಒಂದೂವರೆ ಅಂಗುಲ, ಅಂದರೆ 21 ಲೀಟರ್. ದಾರಿ ಕಟ್ಟಿದರೂ ಪಂಪು ಮೇಲಕ್ಕೆ ತಳ್ಳುತ್ತಲೇ ಇತ್ತು; ಅದರ ಅಂಕಣದಲ್ಲಿದ್ದದ್ದೇ ಸುಮಾರು 30 ಲೀಟರ್. ಸಾಲದೆಂಬಂತೆ, ಆವಿಯಾದ ನೀರನ್ನು ತುಂಬಲೆಂದು 20 ಲೀಟರಿನ ಕ್ಯಾನಿಗೆ ಫ್ಲೋಟ್ ವಾಲ್ವ್ ಜೋಡಿಸಿದ್ದೆ. ಅಂಕಣದ ಮಟ್ಟ ಇಳಿದಂತೆಲ್ಲ ಆ ಕ್ಯಾನು ತನ್ನ ನೀರನ್ನೂ ಸುರಿಯಿತು. ಕಪಾಟಿನ ತಳದಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ನೀರು ತಾಗಿ, ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ತಾನಾಗಿ ಆರಿತ್ತು. ಅದಿಲ್ಲದಿದ್ದರೆ ಒದ್ದೆ ನೆಲದ ಮೇಲೆ ಕತ್ತಲಲ್ಲಿ ನಡೆದ ನಮ್ಮ ಗತಿ ಏನಾಗುತ್ತಿತ್ತೋ ಎಂದು ಇಂದಿಗೂ ಯೋಚಿಸುತ್ತೇನೆ. ಬೋರ್ಡನ್ನು ಈಗ ಗೋಡೆಯ ಮೇಲೆ ಎತ್ತರದಲ್ಲಿ ಕೂಡಿಸಿದ್ದೇನೆ; ವೈರುಗಳು ಮೊದಲು ಕೆಳಗೆ ಬಾಗಿ ಆಮೇಲೆ ಪ್ಲಗ್ಗಿಗೆ ಏರುವುದರಿಂದ, ವೈರಿನ ಗುಂಟ ಹರಿದ ಹನಿ ಬಾಗಿದಲ್ಲೇ ತೊಟ್ಟಿಕ್ಕುತ್ತದೆ.

ನನಗೆ ಹೆಚ್ಚು ನೋವಾದದ್ದು, ಮೂಲ ದೋಷಕ್ಕೆ ವಾಲ್ವ್ ಬೇಕಾಗಿಯೇ ಇರಲಿಲ್ಲ ಎಂದು ತಿಳಿದಾಗ. ಪೈಪಿನ ತುದಿ ಸಂಪಿನ ನೀರಿನೊಳಗೆ ಆರು ಅಂಗುಲ ಮುಳುಗಿತ್ತು. ಒಳಗೆ ಸಿಕ್ಕ ಗಾಳಿ ಅಷ್ಟು ಆಳದ ನೀರನ್ನು ತಳ್ಳಿ ಹೊರಬರಲಾರದೆ, ಇಳಿಯುವ ನೀರನ್ನೇ ತಡೆಯುತ್ತಿತ್ತು. ತುದಿಯನ್ನು ಕತ್ತರಿಸಿ, ನೀರಿನೊಳಗೆ ಒಂದು ಅಂಗುಲ ಮಾತ್ರ ಇರುವಂತೆ ಮಾಡಿದ ಕೂಡಲೇ ಏರಿಳಿತ ನಿಂತಿತು. ಮೇಲ್ತುದಿಯಲ್ಲಿ, ಇಳಿಯುವ ಪೈಪಿನ ಸದ್ದು ತಗ್ಗಿಸುವ ಡರ್ಸೊ ಎಂಬ ಮಾದರಿಯಂತೆ, ಇಂಗ್ಲಿಷಿನ T ಆಕಾರದ ಪೈಪು ತುಂಡು (ಟೀ) ಜೋಡಿಸಿ, ಅದರ ಮೇಲಿನ ಮುಚ್ಚಳಕ್ಕೆ ಗಾಳಿ ಹೋಗುವಷ್ಟು ಚಿಕ್ಕ ತೂತು ಕೊರೆದೆವು. 90 ಡಿಗ್ರಿಯ ಎಲ್ಬೋ ಇದ್ದಲ್ಲಿ 45 ಡಿಗ್ರಿಯ ಎರಡು ಬೆಂಡ್ ಹಾಕಿದೆವು. ಉಳಿದಿರುವ ಸಣ್ಣ ಸದ್ದಿನಲ್ಲಿ ತಾಯಿ ನಿದ್ದೆ ಮಾಡುತ್ತಾರೆ.

ಪೂರ್ತಿ ನಿಶ್ಶಬ್ದವೇ ಬೇಕೆನ್ನುವವರು, ಮೊದಲನೆಯದಕ್ಕಿಂತ ತುಸು ಎತ್ತರದಲ್ಲಿ ಬಾಯಿ ಇರುವ, ಯಾವ ವಾಲ್ವೂ ಇಲ್ಲದ ಎರಡನೆಯ ಪೈಪನ್ನು ಮೊದಲು ಇಳಿಸಿಕೊಳ್ಳಬೇಕು. ಅದಾದ ಮೇಲಷ್ಟೇ ಮೊದಲನೆಯ ಪೈಪಿಗೆ ತಿರುಗಿಸಿದಂತೆ ಸ್ವಲ್ಪಸ್ವಲ್ಪವೇ ಮುಚ್ಚುವ ಗೇಟ್ ವಾಲ್ವ್ ಹಾಕುವ ಮಾತು. ಬಾಲ್ ವಾಲ್ವ್ ಕೂದಲೆಳೆಯಷ್ಟು ತಿರುಗಿದರೂ ಹರಿವು ಬಹಳ ಬದಲಾಗುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ.

ಈಗ ಪ್ರತಿ ತಿಂಗಳು, ಮನೆಯಲ್ಲಿ ಎಲ್ಲರೂ ಎಚ್ಚರವಿರುವಾಗ, ಇಳಿಯುವ ಪೈಪಿನ ಬಾಯಿಗೆ ಸ್ಪಂಜು ತುರುಕಿ, ಪಂಪಿನ ಅಂಕಣ ಬರಿದಾಗುವವರೆಗೆ ಕಾಯುತ್ತೇನೆ. ಅಂಕಣವನ್ನು 15 ಲೀಟರಿಗೆ ಇಳಿಸಿ, ಕ್ಯಾನನ್ನು 5 ಲೀಟರಿನದಕ್ಕೆ ಬದಲಿಸಿರುವುದರಿಂದ ಅಷ್ಟೂ ನೀರು ಮೇಲೇರಿದರೂ ತೊಟ್ಟಿ ತುಳುಕುವುದಿಲ್ಲ. ಆಮೇಲೆ ಸ್ಪಂಜು ತೆಗೆದು ಪಂಪು ಆರಿಸಿ, ಕರೆಂಟು ಹೋದಾಗ ಹಿಂದಿರುಗುವ ನೀರನ್ನು ಸಂಪು ಹಿಡಿಯುತ್ತದೆಯೇ ಎಂದು ಗಾಜಿನ ಮೇಲೆ ಮಾರ್ಕರಿನಿಂದ ಎಳೆದ ಗೆರೆ ನೋಡುತ್ತೇನೆ. ಅಜ್ಜಿಯವರ ದೇವರ ಕೋಣೆಗೆ ಸುಣ್ಣ ಬಳಿಸಿಕೊಟ್ಟಾಯಿತು. ದೀಪದ ಮೇಲ್ಗಡೆ ಹಳದಿ ಕಲೆಯೊಂದು ಮಾತ್ರ ಇನ್ನೂ ಕಾಣುತ್ತದೆ.