ಟ್ರ್ಯಾಕಿಂಗ್ ಲಿಂಕೋ, ಕೂಪನ್ ಕೋಡೋ?

ಮುಂಬಯಿಯ ಮಾಟುಂಗಾದಲ್ಲಿ ಕುಳಿತು ಸಾರಿನ ಪುಡಿ, ಹಪ್ಪಳಗಳನ್ನು ಆನ್‌ಲೈನ್‌ನಲ್ಲಿ ಮಾರುವ ಕನ್ನಡಿಗರು ಅಫಿಲಿಯೇಟ್‌ಗಳಿಗೆ (ಗ್ರಾಹಕರನ್ನು ಕಳಿಸಿಕೊಡುವ ಪ್ರಚಾರಕರಿಗೆ) ಕಮಿಷನ್ ಕೊಡಲು ಹೊರಟಾಗ, ಯಾವ ಗ್ರಾಹಕರು ಯಾರ ಮೂಲಕ ಬಂದರೆಂಬುದನ್ನು ಸಿಆರ್‌ಎಂನಲ್ಲಿ (ಗ್ರಾಹಕರ ವಿವರಗಳನ್ನಿಡುವ ತಂತ್ರಾಂಶದಲ್ಲಿ) ದಾಖಲಿಸಲು ಮುಖ್ಯವಾಗಿ ಎರಡು ದಾರಿಗಳಿವೆ.

ಟ್ರ್ಯಾಕಿಂಗ್ ಲಿಂಕ್‌ನಲ್ಲಿ ಅಫಿಲಿಯೇಟ್‌ನ ಗುರುತು ವೆಬ್ ವಿಳಾಸದ ಬಾಲದಲ್ಲೇ ಇರುತ್ತದೆ. ವಿಚಾರಣೆಯ ಫಾರ್ಮಿನಲ್ಲಿ ಕಣ್ಣಿಗೆ ಕಾಣದಂತಿಟ್ಟ ಕಾಲಂ ಅದನ್ನು ಹಿಡಿದು ಲೀಡ್‌ನ (ವಿಚಾರಿಸಿದ ಸಂಭಾವ್ಯ ಗ್ರಾಹಕರ) ದಾಖಲೆಗೆ ಸೇರಿಸುವುದರಿಂದ, ಏನನ್ನೂ ಕೊಳ್ಳದೆ ಬರೀ ದರ ವಿಚಾರಿಸಿ ಹೋದವರೂ ಲೆಕ್ಕಕ್ಕೆ ಸಿಗುತ್ತಾರೆ. ಆದರೆ ಈ ಗುರುತು ಸಾಮಾನ್ಯವಾಗಿ ಕುಕಿಯಲ್ಲಿ (ಬ್ರೌಸರ್ ಉಳಿಸಿಕೊಳ್ಳುವ ಪುಟ್ಟ ಕಡತದಲ್ಲಿ) ಉಳಿಯುತ್ತದೆ, ಮತ್ತು ಆಪಲ್‌ನ ಸಫಾರಿ ಬ್ರೌಸರ್ 2019ರಿಂದ ಜಾವಾಸ್ಕ್ರಿಪ್ಟ್ (ವೆಬ್ ಪುಟದೊಳಗಿನ ಪ್ರೋಗ್ರಾಂ) ಬರೆದ ಕುಕಿಗಳಿಗೆ 7 ದಿನಗಳ ಮಿತಿ ಹಾಕಿದೆ. ಐಫೋನಿನಲ್ಲಿ ಲಿಂಕ್ ಒತ್ತಿ, ಹತ್ತು ದಿನ ಯೋಚಿಸಿ ಕೊಂಡವರ ಕಮಿಷನ್ ಯಾರಿಗೂ ಸೇರದೆ ಹೋಗಬಹುದು.

ಕೂಪನ್ ಕೋಡಿಗೆ ಈ ಕಾಟವಿಲ್ಲ. ಸಂಘದ ಕಾರ್ಯಕ್ರಮದಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಬಿಲ್ಲಿನಲ್ಲಿ ‘ಸೀತಾ10’ ಎಂದು ಮೂಡುತ್ತದೆ. ಆದರೆ ಕೊಂಡವರಷ್ಟೇ ಕಾಣುತ್ತಾರೆ. ಕೋಡು ರಿಯಾಯಿತಿ ತಾಣಗಳಿಗೆ ಸೋರಿದರಂತೂ ಬೆವರು ಹರಿಸದವರಿಗೂ ದುಡ್ಡು ಹೋಗುತ್ತದೆ.

ಇನ್ನೂರು ರೂಪಾಯಿಯ ಪುಡಿಗೆ ಕೋಡೇ ಸಾಕು. ವಾರಗಟ್ಟಲೆ ಮಾತುಕತೆ ನಡೆಯುವ ಮದುವೆ ಆರ್ಡರುಗಳಿಗೆ ಫಾರ್ಮ್ ತುಂಬಿದಾಗಲೇ ಗುರುತು ದಾಖಲೆಗೆ ಸೇರುವುದರಿಂದ ನಾನು ಲಿಂಕನ್ನೇ ಆರಿಸುತ್ತೇನೆ. ಮೂಲ ಅಫಿಲಿಯೇಟ್ ಕಾಲಂ ಅನ್ನು ಮಾರಾಟದವರು ತಿದ್ದಲಾಗದಂತೆ ಮೊದಲ ದಿನವೇ ಬೀಗ ಹಾಕಿಸುತ್ತೇನೆ.