75 ಹೆಸರುಗಳ ಪಟ್ಟಿ ಹಿಡಿದು ನೋಡಿದ ಪಂದ್ಯ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ತಂದೆತಾಯಂದಿರಿಗೆ ನಯಾಗರಾ, ನ್ಯೂಯಾರ್ಕ್ ಮತ್ತು ಒಂದು ದೇವಸ್ಥಾನ ತೋರಿಸಿಬಿಟ್ಟರೆ ಮಕ್ಕಳ ಕರ್ತವ್ಯ ಮುಗಿಯುತ್ತದೆ. ನವೆಂಬರ್‌ವರೆಗೆ ಉಳಿಯುವವರಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್‌ಟೌನ್‌ನಲ್ಲಿ ವಿಲಿಯಮ್ಸ್ ಮತ್ತು ಆ್ಯಮ್‌ಹರ್ಸ್ಟ್ ಕಾಲೇಜುಗಳ ನಡುವೆ ನಡೆಯುವ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ಕಡಿಮೆಯಾದದ್ದು ಚಳಿಯಿಂದ.

ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಕಬಡ್ಡಿ ತಂಡಕ್ಕೆ 12 ಹೆಸರು ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಯಾವ ಆಟ ನೋಡಲು ಹೋದರೂ ಮೊದಲು ಆಟಗಾರರ ಪಟ್ಟಿ ಕೇಳುತ್ತೇನೆ. ಹಿಂದೆ ಮಗ ಒಂದು ದೊಡ್ಡ ವಿಶ್ವವಿದ್ಯಾಲಯದ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದ, ಹೆಸರು ಬೇಡ. ಟಿಕೆಟ್‌ನ ಬೆಲೆ ಕೇಳಿಯೇ ನನಗೆ ಬಾಯಾರಿತ್ತು. ಕೂತ ಜಾಗದಿಂದ ಆಟಗಾರರು ರಾಗಿ ಕಾಳಿನಷ್ಟು ಕಾಣುತ್ತಿದ್ದರು. ಇಡೀ ಹೊತ್ತು ದೊಡ್ಡ ಪರದೆಯನ್ನೇ ನೋಡಿ ಎದ್ದು ಬಂದೆವು. ಅದಕ್ಕೆ ಮನೆಯ ಟಿ.ವಿ. ಸಾಲದೇ?

ವಿಲಿಯಮ್ಸ್‌ಟೌನ್‌ನ ಮಾತು ಬೇರೆ. ಎರಡೂ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಎರಡೆರಡು ಸಾವಿರ ವಿದ್ಯಾರ್ಥಿಗಳು. ಇವು ಮೂರನೆಯ ಡಿವಿಷನ್ನಿನ ಕಾಲೇಜುಗಳು, ಎಂದರೆ ಆಟಕ್ಕೆಂದು ಯಾರಿಗೂ ವಿದ್ಯಾರ್ಥಿವೇತನವಿಲ್ಲ. ಇವು ಸೇರಿರುವ ನೆಸ್ಕ್ಯಾಕ್ ಎಂಬ ಸಂಘ 1971ರಲ್ಲಿ ಹುಟ್ಟಿತು. ಅಮೆರಿಕದ ಲೆಕ್ಕದಲ್ಲಿ ಬಹಳ ಬಿಗಿಯಾದ ಸಂಘ. 2017ಕ್ಕೆ ಮೊದಲು ಒಂದು ಋತುವಿಗೆ ಎಂಟೇ ಪಂದ್ಯ, ಆಮೇಲೆ ಒಂಬತ್ತಾಯಿತು. ಫುಟ್‌ಬಾಲ್ ತಂಡಗಳನ್ನು ದಶಕಗಳ ಕಾಲ ರಾಷ್ಟ್ರೀಯ ಪ್ಲೇಆಫ್‌ಗೆ, ಎಂದರೆ ಋತು ಮುಗಿದ ಮೇಲಿನ ಚಾಂಪಿಯನ್ ಪಟ್ಟದ ಪಂದ್ಯಗಳಿಗೆ, ಕಳಿಸಲೇ ಇಲ್ಲ. ಹಾಗಾಗಿ ಆಗೆಲ್ಲ ನವೆಂಬರ್‌ನ ಈ ಶನಿವಾರವೇ ಋತುವಿನ ಕೊನೆಯ ಆಟವಾಗಿತ್ತು, ಅಂತಿಮ ವರ್ಷದ ಹುಡುಗರಲ್ಲಿ ಬಹುತೇಕರಿಗೆ ಜೀವನದ ಕೊನೆಯ ಆಟ. ಇದೇ ಸಂಘ ತಂಡಕ್ಕೆ 75 ಆಟಗಾರರ ಮಿತಿಯನ್ನೂ ಬಹುಕಾಲದಿಂದ ಪಾಲಿಸಿಕೊಂಡು ಬಂದಿದೆ.

ಈ 75 ನನಗೆ ತುಂಬ ಹಿಡಿಸಿತು. ಒಮ್ಮೆಗೆ ಮೈದಾನದಲ್ಲಿ ಇರುವವರು 11 ಮಂದಿ. ಚೆಂಡು ತಮ್ಮದಾದಾಗ ಆಡುವ 11, ಎದುರಾಳಿಯದಾದಾಗ ತಡೆಯುವ 11, ಒದೆಯುವವರು ಇಬ್ಬರು ಮೂವರು. ಒಟ್ಟು 25 ಎಂದಿಟ್ಟುಕೊಂಡರೆ ಪ್ರತಿ ಸ್ಥಾನಕ್ಕೆ ಮೂವರು ಸಿಗುತ್ತಾರೆ, ಒಬ್ಬನೂ ಹೆಚ್ಚಿಲ್ಲ. ಮೂರನೆಯ ಡಿವಿಷನ್ನಿನ ಬೇರೆ ಅನೇಕ ಕಾಲೇಜುಗಳು 150 ದಾಟಿ ಹುಡುಗರನ್ನು ಸೇರಿಸಿಕೊಳ್ಳುತ್ತವೆ. ಆಟದ ಆಸೆಗೆ ಬರುವ ಒಬ್ಬೊಬ್ಬ ಹುಡುಗನೂ ಶುಲ್ಕ ಕಟ್ಟುವ ವಿದ್ಯಾರ್ಥಿಯಲ್ಲವೇ, ಅಲ್ಲಿ ಫುಟ್‌ಬಾಲ್ ಎಂದರೆ ಪ್ರವೇಶ ವಿಭಾಗದ ಇನ್ನೊಂದು ಕೊಠಡಿ. ಅಂಥದೊಂದು ಕಾಲೇಜಿನ ಪಟ್ಟಿಯನ್ನು ಮಗ ಮೊಬೈಲ್‌ನಲ್ಲಿ ತೋರಿಸಿದ. 22ನೇ ನಂಬರ್‌ನಲ್ಲಿ ಇಬ್ಬರು, 54ರಲ್ಲಿ ಇಬ್ಬರು! ಅಂಗಿಯ ಮೇಲೆ ಎರಡಂಕಿಗಿಂತ ಹೆಚ್ಚು ಬರೆಯುವಂತಿಲ್ಲ, ಹುಡುಗರೋ ನೂರಕ್ಕಿಂತ ಹೆಚ್ಚು. ಒಂದೇ ನಂಬರ್‌ನ ಇಬ್ಬರು ಒಟ್ಟಿಗೆ ಮೈದಾನಕ್ಕೆ ಇಳಿಯದಿದ್ದರೆ ನಿಯಮಕ್ಕೆ ತೊಂದರೆಯಿಲ್ಲ. ಆದರೆ ಮೇಲೆ ಕೂತ ತಾಯಿಗೆ ಯಾವುದು ತನ್ನ ಮಗ ಎಂದು ಗೊತ್ತಾಗಬೇಡವೇ?

75 ಇದ್ದಾಗ ಒಂದು ನಂಬರ್‌ಗೆ ಒಬ್ಬನೇ ಹುಡುಗ. ಎರಡೂ ತಂಡಗಳ ಪಟ್ಟಿಯನ್ನು ಕಾಲೇಜುಗಳ ಜಾಲತಾಣದಿಂದ ಮೊದಲೇ ಮುದ್ರಿಸಿಕೊಂಡು ಹೋಗಿದ್ದೆ. ನಂಬರ್, ಹೆಸರು, ಸ್ಥಾನ, ಎತ್ತರ, ತೂಕ, ವರ್ಷ, ಊರು, ಓದಿದ ಹೈಸ್ಕೂಲ್, ಎಲ್ಲವೂ ಇರುತ್ತದೆ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ, ಅಂದರೆ ಮೂರನೆಯ ಕ್ವಾರ್ಟರ್‌ನಲ್ಲಿ, ಆ್ಯಮ್‌ಹರ್ಸ್ಟ್‌ನ ಹಿಂಸಾಲಿನ ತಡೆಗಾರನೊಬ್ಬ ಕುಂಟುತ್ತ ಹೊರಗೆ ಹೋದ. ಬದಲಿಗೆ ಬಂದವನ ನಂಬರ್ ಹುಡುಕಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಮೊದಲ ವರ್ಷದವನು, ಸಣಕಲು ಹುಡುಗ. ಚೆಂಡು ಎಸೆಯುವ ವಿಲಿಯಮ್ಸ್‌ನ ಕ್ವಾರ್ಟರ್‌ಬ್ಯಾಕ್‌ಗೂ ಅದೇ ಲೆಕ್ಕ ಸಿಕ್ಕಿರಬೇಕು, ಮುಂದಿನ ಎಸೆತವೇ ಅವನ ಕಡೆಗೆ. ಹುಡುಗ ಅರ್ಧ ಹೆಜ್ಜೆ ತಡವಾದ; ವಿಲಿಯಮ್ಸ್ ಹದಿನೈದು ಗಜ ಮುಂದೆ ಹೋಯಿತು. ಮರು ಎಸೆತವೂ ಅತ್ತಲೇ. ಈ ಸಲ ಅವನು ಕಾಯಲಿಲ್ಲ. ಚೆಂಡು ಗಾಳಿಯಲ್ಲಿರುವಾಗಲೇ ನುಗ್ಗಿ, ಬೆರಳ ತುದಿಯಿಂದ ಬಡಿದು ನೆಲಕ್ಕೆ ಕೆಡವಿದ. ಕುಂಟುತ್ತ ಹೋದವನೇ ಬೆಂಚಿನಿಂದ ಎದ್ದು ಟವೆಲ್ ಬೀಸಿದ. ನಾನು ಯಾರ ಕಡೆಯವನೂ ಅಲ್ಲ, ಆದರೂ ಚಪ್ಪಾಳೆ ತಟ್ಟಿದೆ. ಸುತ್ತ ಕೂತಿದ್ದ ವಿಲಿಯಮ್ಸ್‌ನವರು ತಿರುಗಿ ನೋಡಿದರು.

ಯಾರು ಯಾರ ಕಡೆ ಎಂದು ತಿಳಿಯುವುದೂ ಇಲ್ಲಿ ಸುಲಭವಲ್ಲ. ವಿಲಿಯಮ್ಸ್‌ನದು ನೇರಳೆ ಮತ್ತು ಹೊಂಬಣ್ಣ, ಆ್ಯಮ್‌ಹರ್ಸ್ಟ್‌ನದು ನೇರಳೆ ಮತ್ತು ಬಿಳಿ. ದಾಯಾದಿಗಳೆಂದರೆ ಹೀಗಿರಬೇಕು. 1821ರಲ್ಲಿ ವಿಲಿಯಮ್ಸ್‌ನ ಅಧ್ಯಕ್ಷರಾಗಿದ್ದ ಜೆಫನಾಯ ಸ್ವಿಫ್ಟ್ ಮೂರ್ ಎಂಬವರು, ಈ ಊರು ಬೆಟ್ಟಗಳ ನಡುವೆ ಮೂಲೆಯಲ್ಲಿದೆ, ಕಾಲೇಜು ಇಲ್ಲಿ ಬಾಳುವುದಿಲ್ಲ ಎಂದುಕೊಂಡು ಕೆಲವು ವಿದ್ಯಾರ್ಥಿಗಳ ಜೊತೆ ಹೊರಟುಹೋದರು. ಅವರೇ ಆ್ಯಮ್‌ಹರ್ಸ್ಟ್‌ನ ಮೊದಲ ಅಧ್ಯಕ್ಷರು. ಹೋಗುವಾಗ ಗ್ರಂಥಾಲಯದ ಪುಸ್ತಕಗಳನ್ನೂ ಹೊತ್ತುಕೊಂಡು ಹೋದರು ಎಂಬ ಕಥೆ ಬೇರೆ. ಅದು ಕಟ್ಟುಕಥೆ, ಆದರೆ ನನ್ನ ಪಕ್ಕ ಕೂತಿದ್ದ ವಿಲಿಯಮ್ಸ್‌ನ ಹಳೆಯ ವಿದ್ಯಾರ್ಥಿ, ಎಂಬತ್ತರ ಆಸುಪಾಸಿನವರು, ಮೊನ್ನೆ ತಾನೇ ಪೊಲೀಸ್ ಠಾಣೆಗೆ ದೂರು ಕೊಟ್ಟು ಬಂದವರಂತೆ ಅದನ್ನು ಹೇಳಿದರು. 1859ರಲ್ಲಿ ಅಮೆರಿಕದ ಮೊದಲ ಅಂತರಕಾಲೇಜು ಬೇಸ್‌ಬಾಲ್ ಪಂದ್ಯವನ್ನು ಆಡಿದವೂ ಇವೆರಡೇ. ಆ್ಯಮ್‌ಹರ್ಸ್ಟ್ 73–32ರಿಂದ ಗೆದ್ದಿತು. ಆ ಸೋಲನ್ನು ಅವರು ತಾವಾಗಿ ಹೇಳಲಿಲ್ಲ, ನಾನೇ ಎತ್ತಿದೆ. ಫುಟ್‌ಬಾಲ್ ಶುರುವಾದದ್ದು 1884ರಲ್ಲಿ. ವಿಲಿಯಮ್ಸ್‌ನ ಲಾಂಛನ ನೇರಳೆ ಹಸು. ಹಟ್ಟಿಯಲ್ಲಿ ಬೆಳೆದ ನನಗೆ ಇದಕ್ಕಿಂತ ಒಳ್ಳೆಯ ಲಾಂಛನ ಬೇಕಿಲ್ಲ.

ಮಿತಿಗೆ ಬೆಲೆಯೂ ಇದೆ. 76ನೆಯವನಾಗಿ ಉಳಿದ ಹುಡುಗ ಎಲ್ಲೋ ಒಬ್ಬ ಇದ್ದೇ ಇರುತ್ತಾನೆ. ಅಂಥವರನ್ನು ನಾನು ಬಲ್ಲೆ. ಹದಿಮೂರನೆಯವರಾಗಿ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಆಡಿಸದಿದ್ದರೂ ಪರವಾಗಿಲ್ಲ, ಜೊತೆಗೆ ಕರೆದುಕೊಂಡು ಹೋಗಿ" ಎಂದು ಕೇಳಿದವರು. 2025ರಲ್ಲಿ, ಆಟಗಾರರಿಗೆ ಹಣ ಕೊಡುವ ಕುರಿತ ಮೊಕದ್ದಮೆಯಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಮೊದಲ ಡಿವಿಷನ್ನಿನ ದೊಡ್ಡವರಿಗೂ ಫುಟ್‌ಬಾಲ್‌ನಲ್ಲಿ 105ರ ಮಿತಿ ಬಂದಾಗ ಎದ್ದ ಕೂಗೂ ಇದೇ: ವಿದ್ಯಾರ್ಥಿವೇತನವಿಲ್ಲದೆ, ಆಟದ ಮೇಲಿನ ಪ್ರೀತಿಗೆ ತಂಡದಲ್ಲಿ ಉಳಿದಿದ್ದ ಹುಡುಗರ ಗತಿ ಏನು? ಅಲ್ಲಿ ಮಿತಿ ಹಣದ ಜಗಳದಿಂದ ಬಂದದ್ದು. ಇಲ್ಲಿ, ಕಾಲೇಜು ಇರುವುದು ಓದಿಗೆ ಎಂಬ ಕಟ್ಟಳೆಯಿಂದ. ಆದರೂ ನನ್ನನ್ನು ಕೇಳಿದರೆ, 150 ಜನರನ್ನು ಸೇರಿಸಿಕೊಂಡು ನಾಲ್ಕು ವರ್ಷ ಬೆಂಚು ಕಾಯಿಸುವುದಕ್ಕಿಂತ ಮೊದಲ ವರ್ಷವೇ ಮುಖ ನೋಡಿ ಇಲ್ಲ ಎನ್ನುವುದು ಮೇಲು.

ಇನ್ನು ಅನುಕೂಲದ ವಿಚಾರ. ಆಲ್ಬನಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಟ್ರಾಯ್ ಬಿಟ್ಟ ಮೇಲೆ 2ನೇ ನಂಬರ್ ರಸ್ತೆ ಪೀಟರ್ಸ್‌ಬರ್ಗ್ ಕಣಿವೆಮಾರ್ಗ ಹತ್ತಿ ಇಳಿಯುತ್ತದೆ. ಬುತ್ತಿ ಮನೆಯಿಂದಲೇ ಒಯ್ಯಿರಿ. ದಾರಿಯ ಅಂಗಡಿಯೊಂದರಲ್ಲಿ ಕೊಂಡ ಕಾಫಿ ಬಿಸಿನೀರಿಗೆ ಬಣ್ಣ ಹಾಕಿದಂತಿತ್ತು. ಸೊಸೆ ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನ ಮಾನ ಉಳಿಸಿತು. ಆನ್‌ಲೈನ್‌ನಲ್ಲಿ ತರಿಸಿದ ಗಾಳಿ ತುಂಬುವ ದಿಂಬು ಎರಡನೆಯ ಕ್ವಾರ್ಟರ್ ಮುಗಿಯುವ ಮೊದಲೇ ಪುಸ್ಸೆಂದಿತು. ಕಂಬಳಿ ಮಡಚಿ ಹಾಕಿಕೊಳ್ಳಿ, ಅದೇ ಲೇಸು. ಆಟ ಹೆಚ್ಚುಕಡಿಮೆ ಮೂರು ಗಂಟೆ ಹಿಡಿಯುತ್ತದೆ, ಮಂಕಿಟೋಪಿ ಮರೆಯಬೇಡಿ. 2007ರಲ್ಲಿ ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿಯ ಕಾಲೇಜ್ ಗೇಮ್‌ಡೇ ಕಾರ್ಯಕ್ರಮ ಇಲ್ಲಿಗೆ ಬಂದಾಗ ಊರು ಕಿಕ್ಕಿರಿದಿತ್ತಂತೆ.

ಆತಿಥೇಯರು ಗೆದ್ದರೆ ಬೇಗ ಹೊರಡಬೇಡಿ. 1971ರಿಂದ ಒಂದು ಪದ್ಧತಿಯಿದೆ: ಹಳೆಯ ವಿದ್ಯಾರ್ಥಿಗಳು ಸೇರುವ ಈ ದಿನ ಗೆದ್ದ ತಂಡ ಬೆವರಿನ ಅಂಗಿಯಲ್ಲೇ ಮೈದಾನದಿಂದ ಸ್ಪ್ರಿಂಗ್ ಸ್ಟ್ರೀಟ್ ಹತ್ತಿ, ಸೇಂಟ್ ಪಿಯರ್ ಅವರ ಕ್ಷೌರದಂಗಡಿಯವರೆಗೆ ನಡೆದು ಹೋಗುತ್ತದೆ. ನಾವು ಹೋದಾಗ ಗೆದ್ದವರು ವಿಲಿಯಮ್ಸ್‌ನವರೇ. ಪಾದಚಾರಿ ದಾರಿಯ ಅಂಚಿನಲ್ಲಿ ನಿಂತು, ಪಟ್ಟಿ ಹಿಡಿದು, ಹಾದುಹೋದವರ ನಂಬರ್ ನೋಡಿ ಹೆಸರಿಗೆ ಗೆರೆ ಎಳೆಯುತ್ತ ಬಂದೆ. ಅರುವತ್ತರ ಹತ್ತಿರ ಬಂದಾಗ ಮಗ, "ಅಪ್ಪ, ಕತ್ತಲಾದರೆ ಕಣಿವೆಮಾರ್ಗದಲ್ಲಿ ಕಷ್ಟ, ಹೊರಡೋಣ" ಎಂದ. ನವೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಾರು ಓಡಿಸುವವರ ಹತ್ತಿರ ಈ ಮೆರವಣಿಗೆಯ ವಿಷಯವನ್ನು ಬೆಳಿಗ್ಗೆಯೇ ಮಾತಾಡಿ ಒಪ್ಪಿಸಿಟ್ಟುಕೊಳ್ಳಿ.